ಇದ್ದಿಲು ಪುಡಿ, ಗೋಧಿ ಕಣಕ

"ಇದು ನಿನ್ನ ಕೈಲೆ ಆಗಂಗಿಲ್ಲ" ಎಂದು ಮೊದಲು ಹೇಳಿದವರು ಬೇರೆ ಯಾರೂ ಅಲ್ಲ, ಸುರಪುರದ ಶಾಲೆಯ ನಮ್ಮ ಡ್ರಾಯಿಂಗ್ ಮಾಸ್ತರರೇ. ಮೊನ್ನೆ ಶಹಾಪುರದಲ್ಲಿ ಇಸ್ತ್ರಿ ಬಂಡಿಯವನು ಚೀಲದ ತಳದ ಇದ್ದಿಲು ಪುಡಿ ಕೊಡವಿದ. ಆ ವಾಸನೆಗೆ ಅವರ ದನಿ ಕಿವಿಯಲ್ಲಿ ಬಂದು ಕೂತಿತು... ಸೀರೆ ತೆಗೆದುಕೊಳ್ಳುವುದನ್ನು ಮರೆತು ನಿಂತುಬಿಟ್ಟೆ.

ನಿಜಾಮರ ಆಳ್ವಿಕೆ ಮುಗಿದು, ನಮ್ಮ ಭಾಗ ಕನ್ನಡ ರಾಜ್ಯಕ್ಕೆ ಸೇರಿದ ಹೊಸತು ಅದು. ಉರ್ದುವಿನಲ್ಲಿ ಪಾಠ ಹೇಳಿ ರೂಢಿಯಾದ ಮಾಸ್ತರರು ಕನ್ನಡಕ್ಕೆ ತಡವರಿಸುತ್ತಿದ್ದರು. ಕೆಂಭಾವಿಯಿಂದ ಬಂದು ದೊಡ್ಡವ್ವನ ಮನೆಯಲ್ಲಿದ್ದ ನಾನು ಎಲ್ಲಕ್ಕೂ ತಡವರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಸಹಿ ಮಾಡಲು ಬರುತ್ತಿದ್ದುದು ನನಗೊಬ್ಬಳಿಗೇ. ಡ್ರಾಯಿಂಗ್ ಪರೀಕ್ಷೆ ಪಾಸಾದರೆ ಯಾವುದಾದರೂ ಶಾಲೆಯಲ್ಲಿ ಕೆಲಸ, ಕೆಲಸ ಮಾಡುತ್ತ ಕಾಲೇಜು. ಇಲ್ಲವಾದರೆ ಸೋದರಮಾವನ ಜೊತೆ ಮದುವೆ. ಅವ್ವ ತನ್ನ ತಮ್ಮನಿಗೆ ಹಾಗೆಂದು ಮಾತು ಕೊಟ್ಟಾಗಿತ್ತು.

ನನ್ನ ಕೈ ಭಾರ. ಪೆನ್ಸಿಲ್ ಒತ್ತಿದರೆ ಹಾಳೆಯೇ ಹರಿಯುತ್ತಿತ್ತು.

"ರೊಟ್ಟಿ ಬಡಿಯೋ ಕೈ ಇದು. ಕಾಗದಾನೂ ಬಡ್ಯಾಕತ್ತೀಯಲ್ಲ ತಂಗಿ!"

ಇಡೀ ವರ್ಗ ನಕ್ಕಿತು. ಮರುದಿನ ಮಾಸ್ತರರೇ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಹತ್ತಿ ಕಟ್ಟಿಗೆಯನ್ನು ಬಾಯಿ ಮುಚ್ಚಿದ ಮಡಕೆಯಲ್ಲಿ ಸುಟ್ಟು, ಅರೆದು, ಹಳೇ ಧೋತರದಲ್ಲಿ ಸೋಸಿದ ಇದ್ದಿಲು ಪುಡಿ. ಬಟ್ಟೆಯಿಂದ ಅದನ್ನು ಹಾಳೆಯ ತುಂಬ ತಿಕ್ಕಿಸಿದರು. ಬಿಳಿ ಹಾಳೆ ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಾಯಿತು. ಆಮೇಲೆ ಮೇಜಿನ ಮೇಲೊಂದು ಕೊಡ ಇಟ್ಟು, ಕೈಗೊಂದು ನಾದಿದ ಗೋಧಿ ಕಣಕದ ಉಂಡೆ ಕೊಟ್ಟರು.

"ಇನ್ನ ಗೆರಿ ಎಳೀಬ್ಯಾಡ. ಕೊಡದ ಮ್ಯಾಲ ಬೆಳಕು ಎಲ್ಲಿ ಬಿದ್ದದ ನೋಡು, ಅಲ್ಲಿ ಕರಿ ಎತ್ತು."

ಕಣಕ ಒತ್ತಿ ಎತ್ತಿದಲ್ಲಿ ಬಿಳುಪು ಮೂಡಿತು. ಕೊಡದ ಹೊಟ್ಟೆ, ಕಂಠ... ನಾನು ಮಾಡಿದ್ದೆಂದು ನನಗೇ ನಂಬಿಕೆ ಬರಲಿಲ್ಲ. ಮನೆಯಲ್ಲಿ ಜೋಳದ ಹಿಟ್ಟಿನಿಂದ ಮಾಡಲು ಹೋಗಿ, ಅದು ಉದುರಿ ಹಾಳೆ ಕೆಟ್ಟಿತು. ಗೋಧಿ ನಮಗೆ ಹಬ್ಬಕ್ಕಷ್ಟೇ. ಹಾಗಾಗಿ ಕಣಕ ಮಾಸ್ತರರ ಮನೆಯಿಂದಲೇ ಬರುತ್ತಿತ್ತು. ಕೊಡುವಾಗ ಪ್ರತಿ ಸಲವೂ "ನಿನಗ ಆಗಂಗಿಲ್ಲ ಬಿಡು" ಎನ್ನುತ್ತಿದ್ದರು. ಆಗದ ಮೇಲೆ ಕಣಕ ಯಾಕೆ?

ಪರೀಕ್ಷೆ ಯಾದಗಿರಿಯಲ್ಲಿ. ಮೇಲ್ವಿಚಾರಣೆಗೆ ಧಾರವಾಡದ ಕಡೆಯ ಹೊಸ ಸಾಹೇಬರು ಬಂದಿದ್ದರು. ನಾನು ಹಾಳೆಯನ್ನೆಲ್ಲ ಕಪ್ಪು ಮಾಡಿ, ಕಣಕದ ಗಂಟು ಬಿಚ್ಚುವುದಕ್ಕೂ ಅವರು ನೋಡುವುದಕ್ಕೂ ಸರಿಹೋಯಿತು.

"ಪರೀಕ್ಷಾ ಬರಿಯಾಕ ಬಂದೀಯೋ, ಬುತ್ತಿ ಉಣ್ಣಾಕ ಬಂದೀಯೋ?"

ಗಂಟನ್ನು ಕಸಿದು ಕಿಟಕಿಯ ಮೇಲಿಟ್ಟರು. ನನ್ನ ಮುಂದೆ ಬರೀ ಕರಿ ಹಾಳೆ ಉಳಿಯಿತು. ಅಳತೊಡಗಿದೆ. ನನ್ನ ಜೊತೆ ಬಂದು ಹೊರಗೆ ಪಡಸಾಲೆಯಲ್ಲಿ ನಿಂತಿದ್ದ ಮಾಸ್ತರರು ಬಾಗಿಲಿಗೆ ಬಂದು ಕೈ ಮುಗಿದರು.

"ಸಾಹೇಬ್ರ, ಇಕಿ ಹ್ಯಾಂಗೂ ಪಾಸಾಗಂಗಿಲ್ಲ. ಆ ಹಿಟ್ಟರ ಕೊಡ್ರಿ, ಅಳೂದು ನಿಲ್ಲಸ್ತಾಳ."

ಸಾಹೇಬರು ನಕ್ಕು ಗಂಟನ್ನು ವಾಪಸ್ ಕೊಟ್ಟರು. ಸಂತೋಷಪಡಬೇಕೋ ನಾಚಬೇಕೋ ತಿಳಿಯಲಿಲ್ಲ. ಮಾಸ್ತರರು ನನ್ನನ್ನು ಉಳಿಸಿದರೋ, ಮನಸ್ಸಿನಲ್ಲಿದ್ದದ್ದನ್ನೇ ಅಂದರೋ? ಆ ಸಿಟ್ಟಿನಲ್ಲೇ ಬೆಳಕನ್ನೆಲ್ಲ ಎತ್ತಿದೆ.

ಪಾಸಾದೆ, ಮದುವೆ ತಪ್ಪಿತು. ಹಗಲು ಮಕ್ಕಳಿಗೆ ಕಲಿಸುತ್ತ ಬಿ.ಎ. ಮುಗಿಸಿದೆ. ನಮ್ಮ ಮನೆತನಕ್ಕೆ ಮೊದಲ ಪದವಿ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಂದು ಅಂದದ್ದು ನಿಜವೋ ಎಂದು ಮಾಸ್ತರರನ್ನು ಕೇಳಲು ಸುರಪುರಕ್ಕೆ ಹೋದಾಗ ಅವರ ಮನೆಯಲ್ಲಿ ಬೇರೆಯವರಿದ್ದರು. ಮಾಸ್ತರರು ತೀರಿಕೊಂಡು ಎರಡು ವರ್ಷವಾಯಿತು ಎಂದರು... ಈಗ ಇದ್ದಿಲು ಪುಡಿಯ ಘಾಟು ಮೂಗಿಗೆ ತಾಗಿದಾಗಲೆಲ್ಲ ಆ ಪ್ರಶ್ನೆ ಮತ್ತೆ ಏಳುತ್ತದೆ.

ಅದಕ್ಕೂ ಎಷ್ಟೋ ಮೊದಲು, ಡ್ರಾಯಿಂಗ್ ಪರೀಕ್ಷೆಯ ಸರ್ಟಿಫಿಕೇಟು ಬಂದ ದಿನ ಅವ್ವನೂ ಶಾಲೆಗೆ ಬಂದಿದ್ದಳು. ಮಾಸ್ತರರು ಅದನ್ನು ನನಗೆ ಕೊಡದೆ ಅವಳ ಕೈಗೇ ಕೊಟ್ಟು, "ನನಗ ಮದಲೇ ಗೊತ್ತಿತ್ರಿ, ತಾಯಿ" ಎಂದರು. ಅವ್ವ ಸೆರಗಿಗೆ ಎರಡೆರಡು ಸಲ ಕೈ ಒರೆಸಿಕೊಂಡು ತೆಗೆದುಕೊಂಡಳು. ಅದನ್ನು ಎದೆಗವಚಿಕೊಂಡು ದೊಡ್ಡವ್ವನ ಮನೆಯ ಓಣಿಯವರೆಗೂ ನಡೆದಳು. ಮಾಸ್ತರರ 'ಆಗಂಗಿಲ್ಲ'ವನ್ನು ನನ್ನ ಬಾಯಿಂದ ಎಷ್ಟೋ ಸಲ ಕೇಳಿದ್ದವಳು, ಆಮೇಲೆ ನಿಂತು ಅಂದಳು:

"ಆಗಂಗಿಲ್ಲ ಅಂದದ್ದು ಸುಳ್ಳೋ, ಗೊತ್ತಿತ್ತು ಅಂದದ್ದು ಸುಳ್ಳೋ... ನನಗಂತೂ ತಿಳೀವಲ್ದು. ಏನರ ಇರ್ಲಿ. ಗೋಧಿ ಹಿಟ್ಟು ತಗೊಂಡು ಬಾ, ನಾದ್ತೀನಿ. ಅವರ ಮನಿಗಿ ಬಿಸಿ ಚಪಾತಿ ಕೊಟ್ಟು ಬರೂಣು."