ಮದುವೆ ಹಾಡಿಗೆ ನಾನು ಕಲಿಸಿದ ಬೆರಳು

ಆ ನಟನ ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಪುಕ್ಕಟೆಯಾಗಿ ಇನ್ನೊಂದು ಪೋಸ್ಟರ್ ಅಂಟಿಸಿದ ಹಾಗಾಗುತ್ತದೆ.

ನಮ್ಮದು ಹೊಳಲ್ಕೆರೆಯ ಬ್ಯಾಂಡ್‌ಸೆಟ್. ಅಪ್ಪ ಕ್ಲಾರಿನೆಟ್ ಮಾಸ್ತರು, ನಾನು ಅವನ ಪಕ್ಕದಲ್ಲಿ ನಿಂತು ಊದುವವನು. ದುರ್ಗದಲ್ಲಿ ಸಿನಿಮಾ ಶೂಟಿಂಗ್ ಇದೆ ಅಂತ ನಿರ್ದೇಶಕರೇ ಮನೆಗೆ ಬಂದಿದ್ದರು. ಕಥಾನಾಯಕ ಬ್ಯಾಂಡಿನ ಹುಡುಗನಂತೆ. ಅವನಿಗೆ ಕ್ಲಾರಿನೆಟ್ ಕಲಿಸುವ ಮುದಿ ಮಾಸ್ತರನ ಪಾತ್ರ ಅಪ್ಪನಿಗೆ ಅಂದರು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಂಪು ಕೋಟಿಗೆ ಇಸ್ತ್ರಿ ಹಾಕಿಸಿದ, ಹಿತ್ತಾಳೆ ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ, ಅಡಿಕೆ ಮಂಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಕಂಡವರಿಗೆಲ್ಲ ಹೇಳಿಕೊಂಡು ಬಂದ.

ಕೋಟೆಯ ಕೆಳಗೆ ಸೆಟ್ ಹಾಕಿದ್ದರು. ನಟ ಕುರ್ಚಿಯಿಂದ ಏಳದೆ ಅಪ್ಪನನ್ನು ನೋಡಿ, ಅಪ್ಪನ ಎದುರಿಗೇ ನಿರ್ದೇಶಕರಿಗೆ ಹೇಳಿದ: "ಬಾಯಿ ನೋಡಿ ಸಾರ್, ಮುಂದಿನ ಹಲ್ಲೇ ಇಲ್ಲ. ಈ ಮುಖ ನನ್ನ ಪಕ್ಕ ಇಟ್ರೆ ಜನ ನಗ್ತಾರೆ."

ಜೀವಮಾನವಿಡೀ ಊದಿ ಊದಿ ಹೋದ ಹಲ್ಲು ಅವು. ನಿರ್ದೇಶಕರು ಅಲ್ಲೇ ಫೋನು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಹಲ್ಲಿರುವ ಒಬ್ಬ ಹಿರಿಯ ನಟ ಬಂದ. ಅವನಿಗೆ ಬ್ಯಾಂಡಿನವರ ಕೋಟು ಬೇಕಾಯಿತು. ಉಡುಪಿನ ಉಸ್ತುವಾರಿಯವನು ನೇರ ಬಂದು, ನಿಂತಲ್ಲೇ ಅಪ್ಪನ ಗುಂಡಿ ಬಿಚ್ಚತೊಡಗಿದ. "ಸಂಜೆ ವಾಪಸ್ ಕೊಡ್ತೀವಿ ತಾತ. ನೀವು ಹೀರೋಗೆ ಬೆರಳು ಆಡ್ಸೋದು ಹೇಳ್ಕೊಡಿ, ಸಾಕು."

ಅಷ್ಟು ಜನರ ನಡುವೆ ಅಪ್ಪ ಬನಿಯನ್ನಿನಲ್ಲಿ ನಿಂತಿದ್ದ. "ನೀನೇ ಹೇಳ್ಕೊಡಪ್ಪ, ನನ್ ಕೈಲಾಗಲ್ಲ" ಅಂತ ನನಗೆ ಹೇಳಿ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಬೇವಿನ ಮರದ ಕೆಳಗೆ ಕೂತ. ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ಇಲ್ಲಿ ನಮ್ಮ ಕಸುಬಿನ ಒಂದು ಕಟ್ಟುಪಾಡು ಹೇಳಬೇಕು. ಮದುವೆಗೂ ನಾವೇ, ಸಾವಿಗೂ ನಾವೇ. ಆದರೆ ಹೆಣ ಎತ್ತುವಾಗ ಊದುವ ಧಾಟಿಯನ್ನು ಮನೆಯಲ್ಲಿ ಯಾರೂ ಊದುವುದಿಲ್ಲ. ಕಲಿಯುವವರು ವಾದ್ಯದ ಬಾಯಲ್ಲಿ ಸದ್ದು ಹುಟ್ಟಿಸುವ ರೀಡು ಬಿಚ್ಚಿಟ್ಟು, ಸದ್ದಿಲ್ಲದೆ ಬರೀ ಬೆರಳಿನಲ್ಲಿ ಕಲಿಯಬೇಕು. ನಾನು ಹಾಗೆಯೇ ಕಲಿತೆ. ಅದರ ಸದ್ದು ನನ್ನ ಕಿವಿಗೆ ಮೊದಲು ಬಿದ್ದದ್ದು ಸಾವಿನ ಮನೆಯ ಮುಂದೆ.

ನಟನಿಗೂ ಸದ್ದು ಬೇಕಿರಲಿಲ್ಲ. ಸಿನಿಮಾದ ಮದುವೆ ಹಾಡು ಆಗಲೇ ರೆಕಾರ್ಡ್ ಆಗಿತ್ತು, ಅವನು ಊದಿದಂತೆ ಕಂಡರೆ ಸಾಕಿತ್ತು. ನಾನು ರೀಡು ಬಿಚ್ಚಿ ಕ್ಲಾರಿನೆಟ್ ಕೊಟ್ಟೆ. ಮೊದಲು ಮದುವೆ ಹಾಡಿನ ಬೆರಳನ್ನೇ ತೋರಿಸಿದೆ, ಸುಳ್ಳು ಹೇಳುವುದಿಲ್ಲ. ಅವನು ಆಕಳಿಸಿದ. "ಯಾವುದೋ ಒಂದು ಹೇಳ್ಕೊಡಯ್ಯ. ಜನ ನನ್ನ ಮುಖ ನೋಡೋಕೆ ಬರ್ತಾರೆ, ಬೆರಳು ನೋಡೋಕಲ್ಲ."

ಯಾವುದೋ ಒಂದು! ಬಾಯಿ ಬಿಟ್ಟು ಅವನೇ ಕೇಳಿದ ಮೇಲೆ ಇನ್ನೇನು? ಹೆಣ ಎತ್ತುವ ಧಾಟಿಯನ್ನು ಬೆರಳು ಬೆರಳಾಗಿ, ಮಗುವಿಗೆ ತುತ್ತು ತಿನ್ನಿಸುವಷ್ಟು ತಾಳ್ಮೆಯಿಂದ ಕಲಿಸಿದೆ. ಮದುವೆ ಹಾಡೂ ನಿಧಾನದ್ದೇ, ಹಾಗಾಗಿ ಎರಡರ ನಡಿಗೆ ಹೊಂದಿಕೊಂಡಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರು.

ಸಿನಿಮಾ ಬಂದಾಗ ಅಪ್ಪ ಬರಲೊಲ್ಲೆ ಅಂದ. ಬಲವಂತದಿಂದ ದುರ್ಗದ ಟಾಕೀಸಿಗೆ ಕರೆದುಕೊಂಡು ಹೋದೆ. ತನ್ನ ಕೋಟು ಬೇರೆಯವನ ಮೈಮೇಲೆ ಕಂಡಾಗ ತಲೆ ತಗ್ಗಿಸಿದ. ಆಮೇಲೆ ಹಾಡು ಬಂತು. ತೆರೆ ತುಂಬ ನಟನ ಬೆರಳುಗಳು. ಅಪ್ಪನ ಬೆರಳು ತೊಡೆಯ ಮೇಲೆ ತಾವಾಗಿ ಅದರ ಜೊತೆ ಆಡತೊಡಗಿದವು. ತಟ್ಟನೆ ನಿಂತವು.

"ಲೇ, ಇದು ನಿನ್ ಕೆಲ್ಸ ಅಲ್ವೇನ್ಲೇ?"

ಬೈಯುತ್ತಾನೆ ಅಂದುಕೊಂಡೆ. ಪಂಚೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಕುಣಿಯುವಂತೆ ನಕ್ಕ. ಮರುದಿನ ಹಿರಿಯೂರಿನ ಬ್ಯಾಂಡ್ ಮಾಸ್ತರರ ಫೋನು: "ಮದುಮಗನ್ನ ಎಲ್ಲಿಗೆ ಹೊತ್ಕಂಡು ಹೊಂಟಾನ್ರೀ ಅವ್ನು?" ಹೊಸದುರ್ಗದವರೂ ಕೇಳಿದರು. ಕಸುಬಿನವರಿಗೆಲ್ಲ ಗೊತ್ತಾಗಿತ್ತು, ಹೊರಗಿನವರಿಗೆ ಯಾರಿಗೂ ಇಲ್ಲ. ನನಗೆ ಅಷ್ಟು ಸಾಕಿತ್ತು. ಅಪ್ಪನಿಗೆ ಸಾಲದು ಅಂತ ಗೊತ್ತಾದದ್ದು ಆ ಮೇಲೆ.

ಸಿನಿಮಾ ಓಡಿತು. ನಟ ದುರ್ಗಕ್ಕೆ ಬರುತ್ತಾನೆಂದು ಅಭಿಮಾನಿಗಳು ಸ್ವಾಗತಕ್ಕೆ ನಮ್ಮ ಬ್ಯಾಂಡನ್ನೇ ಕರೆದರು. ಹುಡುಗರು ಐಮಂಗಲದ ಹೈವೇಯಿಂದಲೇ ಬೈಕುಗಳಲ್ಲಿ ಅವನನ್ನು ಕರೆತಂದು ತೆರೆದ ಜೀಪಿಗೆ ಹತ್ತಿಸಿದರು. ಅಪ್ಪ ಅದೇ ಕೆಂಪು ಕೋಟು ತೊಟ್ಟು ಜೀಪಿನ ಮುಂದೆಯೇ ನಿಂತಿದ್ದ. ನಟನಿಗೆ ಗುರುತೇ ಸಿಗಲಿಲ್ಲ.

"ಮಾಸ್ತರೇ, ನಮ್ಮ ಹಾಡು ಬರಲಿ! ನಾನೂ ಊದ್ತೀನಿ" ಅಂದ. ನಾನು ರೀಡು ಬಿಚ್ಚಿ ನನ್ನ ಕ್ಲಾರಿನೆಟ್ ಅವನ ಕೈಗಿಟ್ಟೆ.

ಅಪ್ಪ ನನ್ನ ಮುಖ ನೋಡಿದ. ಕೋಟಿನ ಮೇಲಿನ ಗುಂಡಿ ಹಾಕಿಕೊಂಡ. ಊದಿದ.

ಮದುವೆ ಹಾಡಲ್ಲ. ಮೊದಲ ಸ್ವರಕ್ಕೇ ನಮ್ಮ ಡ್ರಮ್ಮಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪೆಟ್ಟು ತಗ್ಗಿಸಿ ಹೆಣದ ನಡಿಗೆಗೆ ಇಳಿದರು. ಜೀಪಿನ ಮೇಲೆ ನಟನ ಬೆರಳು ಅಪ್ಪನ ಬೆರಳಿಗೆ ಒಂದಿಷ್ಟೂ ತಪ್ಪದೆ ಓಡಿದವು. ಎಷ್ಟಾದರೂ ಕಲಿಸಿದವನು ನಾನು! ಶಿಳ್ಳೆ, ಜೈಕಾರದ ನಡುವೆ ಅವನಿಗಾಗಲಿ ಕುಣಿಯುವ ಹುಡುಗರಿಗಾಗಲಿ ಏನೂ ಕೇಳಿಸುತ್ತಿರಲಿಲ್ಲ. ರಸ್ತೆ ಬದಿಯ ವಯಸ್ಸಾದವರಿಗೆ ಕೇಳಿಸಿತು. ಅಂಗಡಿಗಳಲ್ಲಿ ಕೂತವರು ಎದ್ದು ನಿಂತು ತಲೆಯ ಟವೆಲ್ ತೆಗೆದರು.

ಮಂಡಕ್ಕಿ ಮಾರುವ ಅಜ್ಜಿಗೆ ಕಣ್ಣು ಮಂಜು. ಆ ಧಾಟಿಯ ಜೊತೆ ಹೆಣ ಮನೆಯ ಮುಂದೆ ಹೋದಾಗ ಏನು ಮಾಡಬೇಕೋ ಅದನ್ನೇ ಮಾಡಿದಳು. ಮೊರದಿಂದ ಒಂದು ಬೊಗಸೆ ಮಂಡಕ್ಕಿ ಎತ್ತಿ ಜೀಪಿನ ಮೇಲೆ ಎರಚಿ, "ಯಾರ ಮನೆ ಮಗನೋ ಏನೋ" ಅಂತ ಕೈ ಮುಗಿದಳು.

ನಟ ಬಾಗಿ ಅವಳಿಗೆ ನಮಸ್ಕಾರ ಮಾಡಿದ. ಕೂದಲಲ್ಲಿ ಸಿಕ್ಕಿದ್ದ ಮಂಡಕ್ಕಿಯನ್ನು ಆರಿಸಿ, ನಗುತ್ತಾ ಬಾಯಿಗೆ ಹಾಕಿಕೊಂಡ. ಅಪ್ಪ, ಹಲ್ಲಿಲ್ಲದ ಆ ಬಾಯಿಯಲ್ಲಿ, ಸುಡುಗಾಡು ಮುಟ್ಟುವವರೆಗೆ ಊದಬೇಕಾದದ್ದಷ್ಟನ್ನೂ ಊದಿ ಮುಗಿಸಿದ.