ಚಿಪ್ಪು ಹೆಕ್ಕುವ ಹುಡುಗಿಯರ ಚಿತ್ರ

ತೊಂಬತ್ತರ ದಶಕದಲ್ಲಿ ಅಮ್ಮ ಕುಮಟಾದಿಂದ ನಮ್ಮಲ್ಲಿಗೆ ಬಂದಿದ್ದಾಗ, ಒಂದು ಶನಿವಾರ ಅವಳನ್ನೂ ನನ್ನ ಎಂಟು ವರ್ಷದ ಮಗಳನ್ನೂ ವಾಷಿಂಗ್ಟನ್ನಿನ ಮ್ಯೂಸಿಯಂ ಒಂದಕ್ಕೆ ಕರೆದುಕೊಂಡು ಹೋದೆ. ಹತ್ತೊಂಬತ್ತನೇ ಶತಮಾನದ ಚಿತ್ರಗಳಿದ್ದ ಕೋಣೆಯಲ್ಲಿ ಅಮ್ಮ ಒಂದು ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟಳು. ನೀರಿಳಿದ ಕಡಲತೀರದಲ್ಲಿ ಬುಟ್ಟಿ ಹೊತ್ತ ಇಬ್ಬರು ಬರಿಗಾಲಿನ ಹುಡುಗಿಯರು ಹೊಂಬಿಸಿಲಿಗೆ ಮುಖವೊಡ್ಡಿ ನಗುತ್ತಿದ್ದರು.

"ಅಜ್ಜಿ, ಅವ್ರು ಬೀಚಲ್ಲಿ ಪ್ಲೇ ಮಾಡ್ತಿದಾರಾ?" ಎಂದು ಮಗಳು ಕೇಳಿದಳು.

"ಅಲ್ಲ ಮಗಾ, ಕೆಲಸಕ್ಕೆ ಹೊರಟಿದ್ದಾರೆ. ನಾನೂ ಅಕ್ಕನೂ ಹೀಗೇ ಚಿಪ್ಪು ಹೆಕ್ಕಲಿಕ್ಕೆ ಹೋಗ್ತಿದ್ವು."

ಅಮ್ಮನಿಗೆ ಅಕ್ಕನೊಬ್ಬಳಿದ್ದದ್ದೇ ನನಗೆ ಗೊತ್ತಿರಲಿಲ್ಲ. ಕೇಳಿದಾಗ ಅವಳು ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದಳು. ತಿನ್ನುವ ಚಿಪ್ಪುಮೀನು ಹೆಕ್ಕುವಾಗ ಅದರ ಅಂಚಿಗೆ ಅಂಗಾಲು ಸೀಳುತ್ತಿತ್ತು, ಉಪ್ಪುನೀರಿನಲ್ಲಿ ಗಾಯ ಮಾಯುತ್ತಲೇ ಇರಲಿಲ್ಲ. ಒಂದು ದಿನ ನೀರು ಬೇಗ ಏರಿತು. ಹನ್ನೊಂದು ವರ್ಷದ ಅಕ್ಕ ತುಂಬಿದ ಬುಟ್ಟಿಯನ್ನು ಬಿಡಲಿಲ್ಲ, ಏಕೆಂದರೆ ಬರಿಗೈಯಲ್ಲಿ ಮರಳಿದರೆ ಅಂದು ಮನೆಯಲ್ಲಿ ಊಟವಿರಲಿಲ್ಲ.

"ಬುಟ್ಟಿ ಬಿಡು ಅಂತ ಕೂಗಿದೆ. ಅವಳು ನನ್ನನ್ನ ದಡದ ಕಡೆ ನೂಕಿದ್ಲು, ಅಷ್ಟೇ."

ಅಕ್ಕನ ದೇಹ ಮೂರನೆಯ ದಿನ ಸಿಕ್ಕಿತಂತೆ. ಮುಂದಿನ ವಾರ ಅದೇ ಜಾಗಕ್ಕೆ ಅಮ್ಮನೊಬ್ಬಳನ್ನೇ ಕಳಿಸಿದರಂತೆ. ಆಗ ಅವಳಿಗೆ ಈಗಿನ ನನ್ನ ಮಗಳ ವಯಸ್ಸು.

"ಕೆಳಗೆ ಇಂಗ್ಲಿಷಲ್ಲಿ ಏನೋ ಬರ್ದಿದಾರಲ್ಲ, ಓದು," ಎಂದಳು ಅಮ್ಮ.

ಕಡಲಮಕ್ಕಳ ಚಿಂತೆಯಿಲ್ಲದ ಬಾಲ್ಯವನ್ನು ಕಲಾವಿದ ಸೆರೆಹಿಡಿದಿದ್ದಾನೆ ಎಂದು ಅಲ್ಲಿತ್ತು. "ಚಿತ್ರ ಬರೆದವನ ಹೆಸರಮ್ಮ," ಎಂದೆ. ಅವಳು ತಲೆಯಾಡಿಸಿ, ಮೊಮ್ಮಗಳ ಕೈಹಿಡಿದು ಮುಂದಿನ ಕೋಣೆಗೆ ನಡೆದಳು.