ಸಾವಂತ್ರವ್ವನ ಎಡಗಾಲು

ತಿಳವಳ್ಳಿಯಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧದಷ್ಟು ಮಂದಿ ಹಿಂದೊಮ್ಮೆ ಸಾವಂತ್ರವ್ವನ ಕಾಲ ಮೇಲೆ ಬೋರಲು ಮಲಗಿ ಚೀರಿದವರೇ. ಕೂಸು ಎರೆಯುವುದು ಅವಳ ಕೆಲಸ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ನೀಳವಾಗಿ ಚಾಚಿ, ಅವುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳೆಂದರೆ ಎಂಥ ಹಟಮಾರಿ ಕೂಸೂ ಆಮೇಲೆ ಮೂರು ತಾಸು ನಿದ್ದೆಯಲ್ಲಿ ಮಿಸುಕುತ್ತಿರಲಿಲ್ಲ. ಬಾಣಂತಿಯರ ಬಾತ ಕಾಲನ್ನೂ ಅವಳೇ ನೀವಿ ಇಳಿಸುತ್ತಿದ್ದಳು. ಆ ಕೈಗಳ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದ್ದೇ.

ಹೋದ ವರ್ಷ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಬೈಪಾಸ್ ಆಯಿತು. ಎದೆಗೆ ಜೋಡಿಸಲು ಎಡಗಾಲಿನಿಂದ ಒಂದು ರಕ್ತನಾಳ ತೆಗೆದರು. ಎದೆ ಸುಧಾರಿಸಿತು, ಕಾಲು ಕೈಕೊಟ್ಟಿತು. ಅದು ಬಾತು, ತೊಡೆಯ ಹೊಲಿಗೆಯಿಂದ ತಿಳಿಹಳದಿ ನೀರು ಜಿನುಗತೊಡಗಿತು. ರಕ್ತನಾಳ ಬಿಡಿಸುವಾಗ ಮೈಯ ರಸ ಸಾಗಿಸುವ ಸಣ್ಣ ಕೊಳವೆಗಳು ಹರಿದಿವೆ, ಕೆಲವರಿಗೆ ಹೀಗಾಗುತ್ತದೆ, ಪಟ್ಟಿ ಬಿಗಿದು ಕಾಲು ಎತ್ತರದಲ್ಲಿಡಿ, ಮುಟ್ಟಬೇಡಿ ಎಂದರು ಡಾಕ್ಟರು.

ಮುಟ್ಟಬೇಡ ಅಂದರೆ ಆ ಕೈ ಕೇಳುವುದುಂಟೇ? ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ, ಎಣ್ಣೆ ಬಿಸಿ ಮಾಡಿ, ಹಿಮ್ಮಡಿಯಿಂದ ತೊಡೆಯವರೆಗೆ ನೀವಿ ನೀವಿ ನೀರು ಹಿಂಡಿದಳು. “ಕೆಟ್ಟ ನೀರು, ಹೋಗ್ಲಿ ಬಿಡು” ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾವು ಇಳಿದಂತೆ ಕಂಡರೆ ಖುಷಿಯೋ ಖುಷಿ. ಮಗಳು ಮಲ್ಲಿಕಾ ಬಂಕಾಪುರದಿಂದ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಊರ ಕೂಸುಗಳನ್ನೆಲ್ಲ ಎರೆದವಳಿಗೆ ತನ್ನ ಮೊಮ್ಮಗುವನ್ನು ಎರೆಯುವುದೊಂದೇ ಬಾಕಿ ಇತ್ತು. ಅಷ್ಟರೊಳಗೆ ಕಾಲು ಒಣಗಬೇಕಿತ್ತು.

ಒಣಗಲಿಲ್ಲ. ಗಾಯ ಕೀವಾಗಿ, ಚಳಿಜ್ವರ ಬಂದು, ಕಾಲು ಕಂಬದಂತೆ ಗಟ್ಟಿಯಾದಾಗ ಮತ್ತೆ ಹುಬ್ಬಳ್ಳಿಗೆ ಒಯ್ದರು. ಡಾಕ್ಟರು ಎಣ್ಣೆಯ ವಾಸನೆ ಹಿಡಿದೇಬಿಟ್ಟರು.

“ಅದು ಕೆಟ್ಟ ನೀರಲ್ರಿ ಅಮ್ಮಾರ. ನಿಮ್ಮ ಮೈಯಾಗಿನ ಒಳ್ಳೇ ನೀರ ಅದು. ಮುಚ್ಚಿಕೊಳ್ಳಾಕ ಹೊಂಟಿದ್ದ ತೂತನ್ನ ನೀವ ದಿನಾ ಒತ್ತಿ ತೆಗದೀರಿ. ಇನ್ನ ಈ ಬಾವು ಪೂರಾ ಹೋಗೂದಿಲ್ರಿ.”

“ಕೂಸಿನ್ನ ಎರಿಯಾಕರ ಬರ್ತೈತೇನ್ರಿ?”

“ಆ ಕಾಲ ಮ್ಯಾಲ ಕೂಸು ಬ್ಯಾಡ್ರಿ.”

ಮಲ್ಲಿಕಾಳಿಗೆ ಹೆಣ್ಣು ಕೂಸು ಹುಟ್ಟಿತು. ಎರೆಯಲು ಪಕ್ಕದ ಓಣಿಯ ಶೇಖವ್ವ ಬಂದಳು. ಸಾವಂತ್ರವ್ವ ಬಚ್ಚಲ ಬಾಗಿಲಲ್ಲಿ ಕೂತು ನೋಡಿದಳು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳುವುದೇಕೆ.

“ಅವ್ವಾ, ಕಾಲಿಲ್ಲಂದ್ರೇನಾತು, ಕೈ ಅದಾವಲ್ಲ,” ಎಂದಳು ಮಲ್ಲಿಕಾ. “ಕೂಸಿಗೆ ಎಣ್ಣಿ ನೀನ ಹಚ್ಚು ಬಾ. ನನ್ನ ಕಾಲೂ ಬಾತಾವ, ಆಮ್ಯಾಲ ಒಂಚೂರು ನೀವು.”

ಸಾವಂತ್ರವ್ವ ಎಣ್ಣೆಯ ಬಟ್ಟಲಿಗೆ ಕೈ ಚಾಚಿದಳು. ಎಷ್ಟು ಬಾಣಂತಿಯರ ಕಾಲನ್ನು ಇದೇ ಧೈರ್ಯದಲ್ಲಿ ಒತ್ತಿದೆನೋ, ಯಾರಿಗೆ ಏನು ಮಾಡಿಟ್ಟೆನೋ ಎಂಬ ಯೋಚನೆ ಬಂತು. ಕೈ ಹಿಂದಕ್ಕೆ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು.

“ಬ್ಯಾಡವ್ವಾ. ಈ ಕೈ ಮುಟ್ಟೂದು ಬ್ಯಾಡ.”